ಡೀಸೆಲ್ ಗಾಡಿಯೊಳಗಿನ ಮಾತುಕತೆ

ಹೊಸ ಕಾರು ಮನೆಗೆ ಬಂದು ಒಂದು ಮಳೆಗಾಲ ಕಳೆಯಿತು. ಆದರೂ ಬೆಳಿಗ್ಗೆ ಚಾವಿಯನ್ನು ಅರ್ಧ ತಿರುವಿದ ಮೇಲೆ ನನ್ನ ಕೈ ತಾನಾಗಿ ನಿಂತುಬಿಡುತ್ತದೆ. ಸುಮ್ಮನೆ ಕುಳಿತಿರುತ್ತೇನೆ. ಬಾಗಿಲಲ್ಲಿ ನಿಂತ ನನ್ನ ಹೆಂಡತಿ ಸುನಂದಾ ಸ್ವಲ್ಪ ಹೊತ್ತು ನೋಡಿ, "ಯಾರ ದಾರಿ ಕಾಯಾಕತ್ತೀರಿ?" ಎಂದು ಕೇಳುತ್ತಾಳೆ.

ಯಾರದೂ ಇಲ್ಲ. ಇದು ಪೆಟ್ರೋಲ್ ಕಾರು. ಬೆಕ್ಕು ಮಗ್ಗುಲು ಬದಲಿಸಿದಷ್ಟೇ ಸದ್ದು ಮಾಡಿ ಚಾಲೂ ಆಗುತ್ತದೆ. ಕಾಯುವುದು ಹಳೆಯ ಡೀಸೆಲ್ ಗಾಡಿಯ ಅಭ್ಯಾಸ. ಚಾವಿ ಅರ್ಧ ತಿರುವಿದಾಗ ಅದರಲ್ಲಿ ಸುರುಳಿಯಂಥ ಒಂದು ಹಳದಿ ದೀಪ ಹತ್ತುತ್ತಿತ್ತು. ಒಳಗೆ ಬಿಸಿಯಾಗುತ್ತಿದೆ, ಸ್ವಲ್ಪ ತಡಿ ಎಂದು ಅದರ ಅರ್ಥ. ದೀಪ ಆರಿದ ಮೇಲೆ ಚಾವಿಯನ್ನು ಪೂರ್ತಿ ತಿರುವಬೇಕು. ಚಳಿಗಾಲವಾದರೆ ಎಂಜಿನ್ ಗದಗದ ನಡುಗಿ ಹದಕ್ಕೆ ಬರುವವರೆಗೆ ಮತ್ತೆ ಕಾಯಬೇಕು. ವರ್ಷಗಟ್ಟಲೆ ಹೀಗೆ ಕಾದ ಕೈ ಈಗ ಗಡಿಬಿಡಿ ಮಾಡು ಎಂದರೆ ಎಲ್ಲಿ ಕೇಳುತ್ತದೆ.

ಡೀಸೆಲ್ ಗಾಡಿ ಕೊಳ್ಳಬಹುದೇ ಎಂದು ಈಗಲೂ ಯಾರಾದರೂ ನನ್ನನ್ನು ಕೇಳುವುದುಂಟು. ಇಷ್ಟು ವರ್ಷ ಇಟ್ಟುಕೊಂಡಿದ್ದನಲ್ಲ, ಅನುಭವಸ್ಥ ಎಂಬ ನಂಬಿಕೆ. ಅವರಿಗೆ ಬೇಕಾದದ್ದು ಲೀಟರಿಗೆ ಎಷ್ಟು ಓಡುತ್ತದೆ, ಸರ್ವಿಸಿಂಗಿಗೆ ಎಷ್ಟು ಬೀಳುತ್ತದೆ ಎಂಬ ಉತ್ತರ. ನನಗೆ ನೆನಪಾಗುವುದು ಚನ್ನಪ್ಪ ಕಾಕಾ ಮತ್ತು ಶಾರದಾ ವೈನಿ. ಅದನ್ನು ಹೇಳುತ್ತ ಕುಳಿತರೆ ಕೇಳಿದವರು ಗಡಿಯಾರ ನೋಡುತ್ತಾರೆ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಡೀಸೆಲ್ ಮೇಲೆ ನನಗೆ ಚಿಕ್ಕಂದಿನಿಂದಲೂ ವಿಶ್ವಾಸ. ಮಾಲಗಾಂವದ ನಮ್ಮ ಹೊಲದ ಬಾವಿಯ ದಂಡೆಯಲ್ಲಿ ತಗಡಿನ ಗೂಡೊಂದಿತ್ತು, ಅದರೊಳಗೆ ನೀರೆತ್ತುವ ಡೀಸೆಲ್ ಎಂಜಿನ್. ಕರೆಂಟು ತನ್ನ ಮರ್ಜಿಯಂತೆ ಬಂದು ಹೋಗುತ್ತಿತ್ತು. ಎಂಜಿನ್ನಿಗೆ ಅಂಥ ಮರ್ಜಿ ಇರಲಿಲ್ಲ. ಅಪ್ಪ ಧೋತರ ಎತ್ತಿ ಕಟ್ಟಿ, ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಜೋರಾಗಿ ತಿರುವುತ್ತಿದ್ದ. ಕೊಳವೆಯಿಂದ ಕಪ್ಪು ಹೊಗೆಯ ಒಂದು ಮುದ್ದೆ ಹಾರುತ್ತಿತ್ತು, ಆಮೇಲೆ ದುಡುದುಡು ಸದ್ದು ಹೊಲ ದಾಟಿ ನಮ್ಮ ಸಾಲೆಯವರೆಗೂ ಕೇಳುತ್ತಿತ್ತು. ಸದ್ದು ನಿಂತಿತೆಂದರೆ ಅಪ್ಪ ಊಟಕ್ಕೆ ಹೊರಟ ಎಂದು ಅವ್ವ ಹಿಟ್ಟು ನಾದಲು ಕೂಡುತ್ತಿದ್ದಳು. ಅವನು ಬೂದಿ ಹಚ್ಚಿ ಎಷ್ಟು ತಿಕ್ಕಿ ತೊಳೆದರೂ ಕೈಗೆ ಹತ್ತಿದ ಡೀಸೆಲ್ ವಾಸನೆ ಹೋಗುತ್ತಿರಲಿಲ್ಲ. ನನಗೆ ಕೊಟ್ಟ ತುತ್ತಿಗೂ ಅದೇ ವಾಸನೆ. ಬೇರೆಯವರು ಮೂಗು ಮುಚ್ಚಿಕೊಳ್ಳುವ ಆ ವಾಸನೆ ನನಗೆ ಊಟದ ಹೊತ್ತಿನ ವಾಸನೆಯಾಗಿ ಉಳಿದುಬಿಟ್ಟಿದೆ. ಇಂಥ ಮನುಷ್ಯ ಕಾರು ಕೊಳ್ಳಲು ಹೊರಟರೆ ಯಾವುದನ್ನು ಕೊಂಡಾನು.

ಮಿರಜದ ಒಬ್ಬ ಡಾಕ್ಟರರು ತಮ್ಮ ಡೀಸೆಲ್ ಗಾಡಿ ಮಾರುವವರಿದ್ದರು. ಅವರು ಅದರಲ್ಲಿ ರಾಜ್ಯದ ಗಡಿಯಾಚೆಯ ಅಥಣಿ, ಜಮಖಂಡಿ, ವಿಜಯಪುರ ಎಂದು ಸದಾ ತಿರುಗುತ್ತಿದ್ದವರು. ನಾನು ಸಾಂಗಲಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಮ್ಯಾನೇಜರ. ಮಾಲಗಾಂವದಿಂದ ಮಿರಜ, ಮಿರಜದಿಂದ ಸಾಂಗಲಿ, ಸಂಜೆ ಅದೇ ದಾರಿಯಲ್ಲಿ ವಾಪಸು. ಇಷ್ಟೇ ನನ್ನ ಓಡಾಟ. ಆದರೂ ಇಡೀ ದಿನ ಹೈವೇ ಮೇಲೆ ಇರುವವನ ಹಾಗೆ ಲೆಕ್ಕ ಹಾಕಿ, ಡೀಸೆಲ್ಲೇ ಲಾಭ ಎಂದು ಸುನಂದಾಗೆ ತಿಳಿಸಿ ಹೇಳಿದೆ. ಆಗ ಡೀಸೆಲ್ ಪೆಟ್ರೋಲಿಗಿಂತ ನಿಜಕ್ಕೂ ಅಗ್ಗವಿತ್ತು. ನಾನು ಕೊಂಡ ಸುದ್ದಿ ತಿಳಿದೇ ಅದು ಮೇಲೇರತೊಡಗಿತು ಎಂಬ ಗುಮಾನಿ ನನಗಿದೆ. ವರ್ಷ ಕಳೆದಂತೆ ಎರಡೂ ಅಣ್ಣತಮ್ಮರ ಹಾಗೆ ಹೆಗಲಿಗೆ ಹೆಗಲು ಕೊಟ್ಟು ನಿಂತವು.

ಸುಳ್ಳು ಹೇಳಬಾರದು, ಗಾಡಿ ಗಟ್ಟಿಯಾಗಿತ್ತು. ಐದು ಜನ ಕುಳಿತು, ಹಿಂದೆ ದ್ರಾಕ್ಷಿಯ ಪೆಟ್ಟಿಗೆ ಪೇರಿಸಿ, ದಂಡೋಬಾ ಗುಡ್ಡದ ಏರಿಗೆ ಬಿಟ್ಟರೂ ಏದುಸಿರು ಬಿಡದೆ ಹತ್ತುತ್ತಿತ್ತು. ಒಮ್ಮೆ ಟಾಕಿ ತುಂಬಿಸಿದರೆ ಮತ್ತೆ ಪಂಪಿನ ಮುಖ ನೋಡುವುದು ಎಷ್ಟೋ ದಿನದ ಮೇಲೆ. ಅದರ ದೋಷ ಎಂದರೆ ಬಾಯಿ. ಅದು ಎದ್ದರೆ ಇಡೀ ಗಲ್ಲಿ ಏಳುತ್ತಿತ್ತು. ಪೆಟ್ರೋಲ್ ಗಾಡಿಯವನು ಯಾರಿಗೂ ತಿಳಿಯದಂತೆ ಮನೆಯಿಂದ ಜಾರಿಕೊಳ್ಳಬಹುದು. ಡೀಸೆಲ್ ಗಾಡಿಯವನಿಗೆ ಆ ಭಾಗ್ಯವಿಲ್ಲ. ನಾನು ಹೊರಟಿದ್ದೇನೆ ಎಂದು ಗಾಡಿ ಊರಿಗೆಲ್ಲ ಸಾರುತ್ತಿತ್ತು, ಸಾರಿದ ಮೇಲೂ ಹದಕ್ಕೆ ಬರಲಿ ಎಂದು ನಾನು ಅಲ್ಲೇ ಕುಳಿತಿರುತ್ತಿದ್ದೆ. ಚಪ್ಪಲಿ ಮೆಟ್ಟಿ ಮನೆಯಿಂದ ಹೊರಬರಲು ಒಬ್ಬ ಮನುಷ್ಯನಿಗೆ ಅಷ್ಟು ಹೊತ್ತು ಧಾರಾಳ ಸಾಕು.

ಹಾಗೆ ಮೊದಲು ಬಂದವರು ಚನ್ನಪ್ಪ ಕಾಕಾ. ನಮ್ಮ ಎದುರು ಮನೆಯವರು, ಎಪ್ಪತ್ತು ದಾಟಿದವರು. ಮಿರಜದ ಪೇಟೆಯಲ್ಲಿ ಅವರದು ಅರಿವೆ ಅಂಗಡಿ. ಅದನ್ನು ನಡೆಸುತ್ತಿದ್ದವನು ಅಲ್ಲೇ ಮನೆ ಮಾಡಿದ್ದ ಕಿರಿಯ ಮಗ. ಆದರೂ ಕಾಕಾ ದಿನವೂ ಹೋಗಿ ಗಾದಿಯ ಮೇಲೆ ಕುಳಿತುಕೊಳ್ಳಲೇಬೇಕು. ಒಂದು ಬೆಳಿಗ್ಗೆ ಬಿಳಿ ಟೋಪಿ ಸರಿಮಾಡಿಕೊಳ್ಳುತ್ತ ಬಂದು, ಕೇಳುವ ಗೋಜಿಗೆ ಹೋಗದೆ ಮುಂದಿನ ಬಾಗಿಲು ತೆಗೆದು ಕುಳಿತರು.

"ಡೀಸೆಲ್ ಗಾಡಿ ಐತಿ, ಒಬ್ಬ ಹೆಚ್ಚಾದ್ರ ಅದಕ್ಕೇನ ಭಾರ," ಎಂದರು.

ಈ ಮಾತನ್ನು ಆಮೇಲೆ ನಾನು ಎಷ್ಟು ಜನರ ಬಾಯಿಂದ ಕೇಳಿದೆನೋ. ಮದುವೆಗೆ ಹೊರಟವರು, ಮಿರಜದ ದವಾಖಾನೆಯಲ್ಲಿ ಮಲಗಿದವರನ್ನು ನೋಡಲು ಗಡಿಯಾಚೆಯಿಂದ ಬಂದ ನೆಂಟರು, ಹುಣ್ಣಿಮೆಗೆ ದೇವರಿಗೆ ಹೋಗುವವರು, ಎಲ್ಲರಿಗೂ ಅದು ಡೀಸೆಲ್ ಗಾಡಿ. ಅದು ನೀರಿನ ಮೇಲೆ ಓಡುತ್ತದೆ, ಓಡಿಸುವವನು ಗಾಳಿಯ ಮೇಲೆ ಬದುಕುತ್ತಾನೆ. ಇಲ್ಲ ಎನ್ನಲು ನನಗೆ ಬರುತ್ತಿರಲಿಲ್ಲ. ಅದನ್ನು ಒಳ್ಳೆಯತನ ಎಂದುಕೊಂಡವರುಂಟು. ಇಲ್ಲ ಎಂದ ಮೇಲೆ ನಡೆಯುವ ಮಾತುಕತೆಯನ್ನು ತಾಳಿಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ, ಅಷ್ಟೇ.

ಎರಡನೆಯವರು ಶಾರದಾ ವೈನಿ. ನಮ್ಮ ಗಲ್ಲಿಯ ತುದಿಯ ಮನೆಯವರು, ನಂಟಿಲ್ಲದಿದ್ದರೂ ರೂಢಿಯಿಂದ ನನಗೆ ವೈನಿ ಎಂದರೆ ಅತ್ತಿಗೆ, ಮಿರಜದ ಒಂದು ದವಾಖಾನೆಯಲ್ಲಿ ನರ್ಸ್. ಬೆಳಗಿನ ಬಸ್ಸು ಒಂದು ದಿನ ಬಂದರೆ ಒಂದು ದಿನ ಇಲ್ಲ, ಡ್ಯೂಟಿಗೆ ತಡವಾಗಿ ಬೈಸಿಕೊಂಡು ಸಾಕಾಗಿತ್ತು ಅವರಿಗೆ. ಡಬ್ಬಿಯ ಚೀಲ ಹಿಡಿದು ಗಾಡಿಯ ಹತ್ತಿರ ಬಂದವರು, ಮುಂದೆ ಕುಳಿತ ಕಾಕಾರನ್ನು ನೋಡಿ ನಿಂತುಬಿಟ್ಟರು. ಕಾಕಾ ಎದುರಿನ ಗೋಡೆ ನೋಡತೊಡಗಿದರು. ನನಗೆ ಆಗ ನೆನಪಾಯಿತು, ಈ ಎರಡು ಮನೆಗಳ ನಡುವೆ ಮಾತಿಲ್ಲ.

ಶಾರದಾ ವೈನಿಯ ತಂಗಿ ಮಂಗಲ. ಅವಳೂ ನರ್ಸ್. ಕಾಕಾನ ಕಿರಿಯ ಮಗನಿಗೂ ಅವಳಿಗೂ ಮದುವೆ ಎಂದು ಮಾತಾಗಿತ್ತು. ಎರಡೂ ಮನೆಯವರು ಒಬ್ಬರಲ್ಲಿ ಒಬ್ಬರು ಉಂಡಿದ್ದರು, ಸೀರೆ ನೋಡುವುದೊಂದು ಬಾಕಿ. ಅಷ್ಟರಲ್ಲಿ ಕಾಕಾ ಹಿಂದೆ ಸರಿದರು. "ರಾತ್ರಿ ಪಾಳಿ ಮಾಡೂ ಹುಡುಗಿ ನಮ್ಮ ಮನಿಗಿ ಬ್ಯಾಡ," ಎಂದು ಹಿರಿಯರ ಮುಂದೆ ಅಂದರಂತೆ. ಮದುವೆ ಮುರಿದದ್ದನ್ನು ಶಾರದಾ ವೈನಿ ನುಂಗಿಕೊಳ್ಳುತ್ತಿದ್ದರೇನೋ, ಆ ಮಾತು ಗಂಟಲಲ್ಲಿ ನಿಂತಿತು. ಅವರೂ ವರ್ಷಾನುಗಟ್ಟಲೆ ರಾತ್ರಿ ಪಾಳಿ ಮಾಡಿ ಮನೆ ನಡೆಸಿದವರು. ಆಮೇಲೆ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು, ಮಂಗಲ ಸೋಲಾಪುರಕ್ಕೆ ಮದುವೆಯಾಗಿ ಹೋದಳು. ಎರಡೂ ಕಡೆ ಮಕ್ಕಳಾದವು. ಮಾತು ಮಾತ್ರ ನಿಂತದ್ದು ನಿಂತೇ ಇತ್ತು.

ನಾನು ಗಾಡಿಯಿಂದ ಇಳಿದು, "ವೈನಿ, ನಿಮಗ ಸರಿ ಅನಸದಿದ್ರ..." ಎಂದು ತಡವರಿಸಿದೆ.

"ಗಾಡಿ ನಿಮ್ಮದೈತಿ ಅಣ್ಣಾರ, ಅವರದಲ್ಲ," ಎಂದು ಹಿಂದಿನ ಸೀಟಿನಲ್ಲಿ ಕುಳಿತರು.

ಅಂದಿನಿಂದ ನಾನು ಡ್ರೈವರನೂ ಆದೆ, ದುಭಾಷಿಯೂ ಆದೆ. ಇಬ್ಬರದೂ ಒಂದೇ ಭಾಷೆ, ಒಂದೇ ಜಾತಿ, ಒಂದೇ ಗಲ್ಲಿ, ನಡುವೆ ಒಂದು ಮೊಳದ ಅಂತರ. ಆದರೂ ಎಲ್ಲ ಮಾತೂ ನನ್ನ ಮೂಲಕವೇ ಹಾಯಬೇಕು.

"ಅಜಿತಾ, ಧೂಳಿ ಬರಾಕತ್ತೈತಿ, ಹಿಂದಿನವರಿಗಿ ಕಾಚ ಏರಸಂತ ಹೇಳು."

"ಅಣ್ಣಾರ, ನನಗ ಈ ಡೀಸೆಲ್ ವಾಸನಿಗಿ ಹೊಟ್ಟಿ ತೊಳಸತೈತಿ. ಗಾಳಿ ಬೇಕಂತ ಹೇಳ್ರಿ."

"ಹಂಗಾರ ಅರ್ಧಾ ಏರಸಂತ ಹೇಳು."

ನಾನು ಇದನ್ನು ಪುನಃ ಹೇಳಬೇಕಾಗಿರಲಿಲ್ಲ, ಇಬ್ಬರಿಗೂ ಕೇಳಿಸಿರುತ್ತಿತ್ತು. ಮೊದಮೊದಲು ಹೇಳುತ್ತಿದ್ದೆ, ಆಮೇಲೆ ಹೂಂ ಎನ್ನುತ್ತಿದ್ದೆ, ಕಡೆಗೆ ಅದನ್ನೂ ಬಿಟ್ಟೆ. ಗಾಜು ಅರ್ಧ ಏರುತ್ತಿತ್ತು. ಕೆಲವು ದಿನ ಎಂಜಿನ್ ಗದ್ದಲದಲ್ಲಿ ಒಂದು ಮಾತು ಇನ್ನೊಂದಾಗಿ ಕೇಳಿ ಇಬ್ಬರೂ ಮುನಿಸಿಕೊಳ್ಳುತ್ತಿದ್ದರು. ಆಗ ನಾನು ಕಬ್ಬಿನ ಗಾಡಿಗಳನ್ನು ಹಿಂದೆ ಹಾಕುವುದರ ಜೊತೆಗೆ ಇವರನ್ನೂ ಸಮಾಧಾನ ಮಾಡಬೇಕು. ಮಿರಜದಲ್ಲಿ ಕಾಕಾರನ್ನು ಪೇಟೆಯ ಮೂಲೆಗೆ, ವೈನಿಯನ್ನು ದವಾಖಾನೆಯ ಗೇಟಿಗೆ ಇಳಿಸಿ ಸಾಂಗಲಿಗೆ ಒಬ್ಬನೇ ಹೋಗುವಾಗ ನನಗೆ ಆಗಲೇ ಅರ್ಧ ದಿನ ದುಡಿದಷ್ಟು ದಣಿವು. ಸಂಜೆ ಮನೆಗೆ ಬಂದರೂ ಕಿವಿಯೊಳಗೆ ಎಂಜಿನ್ ಓಡುತ್ತಿತ್ತು. ಸುನಂದಾ ಏನಾದರೂ ಕೇಳಿದರೆ ಗಟ್ಟಿಯಾಗಿ ಉತ್ತರಿಸುತ್ತಿದ್ದೆ. "ಬೈಯಾಕತ್ತೀರೇನು?" ಎನ್ನುತ್ತಿದ್ದಳು.

ಗಾಡಿಗೂ ವಯಸ್ಸಾಗುತ್ತಿತ್ತು. ಚಳಿಗಾಲದಲ್ಲಿ ಕೆಮ್ಮು, ಏರಿನಲ್ಲಿ ಕಪ್ಪು ಹೊಗೆ. ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿದಾಗಲೆಲ್ಲ, "ಇದು ದೂರ ಓಡೂ ಗಾಡಿರಿ. ನೀವು ಮೈ ಬೆಚ್ಚಗಾಗೂದ್ರಾಗ ನಿಲ್ಲಸ್ತೀರಿ," ಎನ್ನುತ್ತಿದ್ದ. ಹದಿನೈದು ವರ್ಷ ತುಂಬಿದರೆ ಸಾರಿಗೆ ಕಚೇರಿಯಲ್ಲಿ ಮತ್ತೆ ಪಾಸಿಂಗ್ ಮಾಡಿಸಬೇಕು, ಅಲ್ಲಿಯ ಸಾಲು ಬೇರೆ. ಒಂದು ಬೆಳಿಗ್ಗೆ, ಯಾರನ್ನೂ ಉದ್ದೇಶಿಸದೆ, ಎದುರಿನ ರಸ್ತೆಗೇ ಹೇಳುವವನಂತೆ ಹೇಳಿದೆ: "ಇನ್ನ ಇದನ್ನ ಕೊಟ್ಟಬಿಡಬೇಕು ಅನ್ನಸ್ತೈತಿ."

ಅಂದು ಮಿರಜ ಬರುವವರೆಗೆ ಇಬ್ಬರಿಗೂ ನನ್ನ ಮೂಲಕ ಹೇಳುವಂಥದ್ದೇನೂ ಇರಲಿಲ್ಲ.

ಅದಾದ ಮೇಲೆ ಬಂದ ಒಂದು ಶನಿವಾರ. ಬೇಸಿಗೆ, ಮದುವೆಯ ದಿನಗಳು. ನನ್ನ ಕೆಲಸ ಬೇಗ ಮುಗಿದಿತ್ತು, ವೈನಿಯ ಪಾಳಿಯೂ ಮುಗಿದಿತ್ತು. ಇಬ್ಬರನ್ನೂ ಹತ್ತಿಸಿಕೊಂಡು ಮಿರಜ ಬಿಟ್ಟಾಗ ಬಿಸಿಲು ಇನ್ನೂ ಕಣ್ಣಿಗೆ ಚುಚ್ಚುತ್ತಿತ್ತು. ವೈನಿ ಹಿಂದೆ ತಲೆ ಆನಿಸಿ ನಿದ್ದೆಗೆ ಜಾರಿದ್ದರು. ಊರ ಹೊರಗಿನ ಪಂಪಿನಲ್ಲಿ ಗಾಡಿ ನಿಲ್ಲಿಸಿದೆ. ಅಷ್ಟರಲ್ಲಿ ಕೋಲ್ಡ್ ಸ್ಟೋರೇಜಿನಿಂದ ಫೋನು, ಒಂದು ಮಷೀನು ನಿಂತಿದೆಯಂತೆ. ಗಾಡಿಗಳ ಗದ್ದಲದಲ್ಲಿ ಕೇಳಿಸದೆ ಆಚೆ ಬೇವಿನ ಮರದ ಕೆಳಗೆ ಹೋಗಿ ಮಾತಾಡಿದೆ. ತಿರುಗಿ ಬರುವಷ್ಟರಲ್ಲಿ ಟಾಕಿಯ ಮುಚ್ಚಳ ಮುಚ್ಚಿತ್ತು, ಕಾಕಾ ಪಾಕೀಟನ್ನು ಅಂಗಿಯ ಒಳಗಿಸೆಗೆ ಸೇರಿಸುತ್ತಿದ್ದರು.

"ಕಾಕಾ, ನೀವ್ಯಾಕ..."

"ತುಂಬಸೇನಿ. ನೀ ಏನೂ ಮಾತಾಡಬ್ಯಾಡ. ಗಾಡಿ ಕೊಡೂ ವಿಚಾರನೂ ಬ್ಯಾಡ."

ಇಷ್ಟು ವರ್ಷದಲ್ಲಿ ಕಾಕಾ ನನಗೆ ಕೊಟ್ಟದ್ದು ಹುರಿದ ಶೇಂಗಾ ಮತ್ತು ಸಲಹೆ. ನನ್ನ ಮನಸ್ಸು ಕರಗಿತು. ಕರಗಿದ ಮನಸ್ಸಿನವನು ಏನು ತುಂಬಿಸಿದಿರಿ ಎಂದು ಕೇಳುವುದಿಲ್ಲ.

ಮಾಲಗಾಂವದ ಅರ್ಧ ದಾರಿಯವರೆಗೆ ಗಾಡಿ ಹೇಗೋ ಹೋಯಿತು. ಆಮೇಲೆ ಒಳಗಿನಿಂದ ಯಾರೋ ಸುತ್ತಿಗೆಯಿಂದ ಬಡಿದಂತೆ ಖಟಖಟ ಎಂದಿತು, ಎಷ್ಟು ಒತ್ತಿದರೂ ವೇಗ ಏರಲಿಲ್ಲ, ಕಡೆಗೆ ಒಮ್ಮೆ ಮೈ ಕೊಡವಿ ಸ್ತಬ್ಧವಾಯಿತು. ಒಂದು ಕಡೆ ದ್ರಾಕ್ಷಿ ತೋಟ, ಇನ್ನೊಂದು ಕಡೆ ಕಬ್ಬು. ನಾನು ಇಳಿದು ಬಾನೆಟ್ ಎತ್ತಿದೆ. ಎತ್ತಿದ ಮೇಲೆ ಏನು ನೋಡಬೇಕೆಂದು ನನಗೆ ಗೊತ್ತಿಲ್ಲ, ಆದರೂ ಗಂಡಸಾದವನು ಎತ್ತಿ ನೋಡಬೇಕಾಗುತ್ತದೆ. ಆಗ ಹೊಳೆಯಿತು.

"ಕಾಕಾ, ಪಂಪಿನ್ಯಾಗ ಏನ ಹಾಕಸಿದ್ರಿ?"

"ಪೆಟ್ರೋಲ್," ಎಂದರು ಕಾಕಾ, ಸ್ವಲ್ಪ ಹೆಮ್ಮೆಯಿಂದಲೇ. "ಆ ಹುಡುಗ ಯಾವುದು ಅಂತ ಕೇಳಿದ. ಬೋರ್ಡಿನ ಮ್ಯಾಲ ನೋಡಿದ್ನಿ, ಡೀಸೆಲ್ ಒಂದೀಟ ಅಗ್ಗ ಇತ್ತು. ಇಷ್ಟ ವರ್ಷಕ್ಕ ಒಂದ ಸಲ ಹಾಕಸಾಕತ್ತೇನಿ, ಅಗ್ಗದ್ದು ಹ್ಯಾಂಗ ಹಾಕಸಲಿ?"

ನಾನು ಬಾನೆಟ್ ಇಳಿಸಿದೆ. ಸಿಟ್ಟು ಬರಬೇಕಿತ್ತು, ಬರುವಷ್ಟು ತ್ರಾಣ ಇರಲಿಲ್ಲ. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿದರೆ ಹೀಗೇ ಆಗುವುದು ಎಂದು ಮೆಲ್ಲಗೆ ಹೇಳಿದೆ. ಕಾಕಾನ ಮುಖ ಸಣ್ಣದಾಯಿತು. ಗಾಡಿಯ ಸುತ್ತ ಒಮ್ಮೆ ನಡೆದರು. "ಆಚಿ ಹೊಲದಾಗ ಟ್ರಾಕ್ಟರ್ ಕಾಣತೈತಿ. ನಾ ಕರಕೊಂಡು ಬರ್ತೇನಿ," ಎಂದು, ನಾನು ಬೇಡ ಎನ್ನುವ ಮೊದಲೇ ಕಬ್ಬಿನ ಬದಿಯ ದಾರಿ ಹಿಡಿದರು. ತಾನು ಕೆಡಿಸಿದ್ದನ್ನು ತಾನೇ ನೆಟ್ಟಗೆ ಮಾಡುವ ಅವಸರ ಆ ಬೆನ್ನಲ್ಲಿ ಕಾಣುತ್ತಿತ್ತು. ನಾನು ಹಿಂದೆಯೇ ಹೊರಟೆ. ಅವರು ಸ್ವಲ್ಪ ದೂರ ಹೋಗಿ ನಿಂತರು, ಹಣೆಗೆ ಕೈ ಇಟ್ಟುಕೊಂಡರು, ಹಾಗೇ ಬದುವಿನ ಮೇಲೆ ಕುಸಿದು ಕುಳಿತರು.

ನಾನು ಹೋಗಿ ಹಿಡಿದಾಗ ಅಂಗಿ ಬೆವರಿನಿಂದ ತೊಯ್ದು ಹೋಗಿತ್ತು, ಕೈ ನಡುಗುತ್ತಿತ್ತು. ಏನು ಕೇಳಿದರೂ ತೊದಲುತ್ತಿದ್ದರು. "ವೈನಿ," ಎಂದು ಕೂಗಿದೆ. ಅವರು ಆಗಲೇ ಎಚ್ಚರವಾಗಿ ಗಾಡಿಯಿಂದ ಇಳಿದಿದ್ದರು. ಬರುವಾಗ ನೀರಿನ ಬಾಟಲಿ ತಂದರು. ಕಾಕಾನ ನಾಡಿ ಹಿಡಿದು, ಹಣೆ ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು.

"ಶುಗರಿನ ಗುಳಿಗಿ ತಗೋತಾರಲಾ? ಇವತ್ತ ಊಟ ಮಾಡ್ಯಾರೇನು ಕೇಳ್ರಿ."

ಇಂಥ ಹೊತ್ತಿನಲ್ಲೂ ನಾನೇ ಕೇಳಬೇಕು. ಕೇಳಿದೆ. ಕಾಕಾ ತಲೆ ಅಲ್ಲಾಡಿಸಿದರು. ಅಂಗಡಿಯಲ್ಲಿ ಗಿರಾಕಿ ಬಹಳ, ಗುಳಿಗೆ ನುಂಗಿ ಊಟ ಬಿಟ್ಟಿದ್ದರು.

"ಸಕ್ಕರಿ ಇಳದೈತಿ. ಸೀ ಏನರೆ ಐತೇನ್ರಿ ಗಾಡಿಯಾಗ?"

ಗಾಡಿಯಲ್ಲಿ ಒಣದ್ರಾಕ್ಷಿ ಇತ್ತು. ನನ್ನ ಕೆಲಸದ ಪುಣ್ಯ, ಮಾದರಿಯ ಪೊಟ್ಟಣ ಯಾವಾಗಲೂ ಒಂದೆರಡು ಬಿದ್ದಿರುತ್ತಿದ್ದವು. ಓಡಿಹೋಗಿ ತಂದೆ. ಅಷ್ಟರಲ್ಲಿ ಕಾಕಾನ ಕಣ್ಣು ತೇಲತೊಡಗಿದ್ದವು. ವೈನಿ ಅವರ ಎದುರು ಮಣ್ಣಿನಲ್ಲೇ ಮೊಣಕಾಲೂರಿದರು, ಗದ್ದ ಹಿಡಿದು ಮುಖ ಎತ್ತಿದರು.

"ಕಾಕಾ, ನನ್ನ ಕಡೆ ನೋಡ್ರಿ. ಬಾಯಿ ತಗೀರಿ. ಹಾಂ. ಅಗೀರಿ, ಹಂಗ ನುಂಗಬ್ಯಾಡ್ರಿ. ಅಗದು ನುಂಗ್ರಿ."

ಕಾಕಾ ಬಾಯಿ ತೆರೆದರು. ವೈನಿ ಒಂದೊಂದೇ ದ್ರಾಕ್ಷಿ ಹಾಕಿದರು, ಅಗಿದರೋ ಎಂದು ನೋಡಿ ಗುಟುಕು ನೀರು ಕುಡಿಸಿದರು, ಸೆರಗಿನಿಂದ ಅವರ ಕುತ್ತಿಗೆಯ ಬೆವರು ಒರೆಸಿದರು. ನಾನು ಕಾಕಾನ ಬೆನ್ನಿಗೆ ಆಸರೆಯಾಗಿ ಕುಳಿತಿದ್ದೆ. ನನಗೆ ಭಯವಾಗಿತ್ತು. ಈ ಬದುವಿನ ಮೇಲೆ ಏನಾದರೂ ಆದರೆ ಅವರ ಮಕ್ಕಳಿಗೆ ಯಾವ ಮುಖ ತೋರಿಸಲಿ ಎಂಬುದೊಂದೇ ಯೋಚನೆ. ಪೊಟ್ಟಣ ಮುಗಿಯುತ್ತ ಬಂದಾಗ ಕಾಕಾನ ಮೈಯ ನಡುಕ ನಿಂತಿತು. ಕಣ್ಣು ನೆಟ್ಟಗಾದವು. ಎದುರಿಗೆ ಯಾರಿದ್ದಾರೆ ಎಂದು ಆಗ ಅವರಿಗೆ ತಿಳಿದಂತಾಯಿತು. ಮುಖ ಕೆಳಗೆ ಹಾಕಿದರು. ವೈನಿ ಎದ್ದು ಸೀರೆಯ ಮಣ್ಣು ಕೊಡವಿಕೊಂಡರು.

"ಮನಿಗಿ ಹೋದ ಕೂಡಲೆ ಊಟ ಮಾಡಬೇಕಂತ ಹೇಳ್ರಿ," ಎಂದರು ನನಗೆ.

ನಮ್ಮನ್ನು ನೋಡಿ ಟ್ರಾಕ್ಟರಿನವನು ತಾನಾಗಿ ಬಂದ. ಗಾಡಿಗೆ ಹಗ್ಗ ಕಟ್ಟಿದ. ನಾನು ಸ್ಟೇರಿಂಗ್ ಹಿಡಿದೆ. ಕಾಕಾ ಒರಗಿಕೊಳ್ಳಲಿ ಎಂದು ಹಿಂದೆ ಕೂಡಿಸಿದ್ದೆವು, ಅವರ ಮೇಲೆ ಕಣ್ಣಿಡಲು ವೈನಿಯೂ ಹಿಂದೆ. ಟ್ರಾಕ್ಟರ್ ಮುಂದೆ ಗುಡುಗುತ್ತಿತ್ತು, ಉದ್ದ ಹಗ್ಗದ ಈ ತುದಿಯಲ್ಲಿ ನಮ್ಮ ಗಾಡಿ ಸದ್ದಿಲ್ಲದೆ ಉರುಳುತ್ತಿತ್ತು. ಅದರೊಳಗೆ ಅಷ್ಟು ಶಾಂತಿಯನ್ನು ನಾನು ಎಂದೂ ಕಂಡಿರಲಿಲ್ಲ. ಹಿಂದೆ ಉಸಿರು ಬಿಟ್ಟರೂ ಕೇಳಿಸುತ್ತಿತ್ತು.

"ಅಜಿತಾ," ಎಂದರು ಕಾಕಾ. ದನಿ ಇನ್ನೂ ಸಣ್ಣಗಿತ್ತು. "ಆಕಿ ತಂಗಿ ಮಂಗಲ ಹ್ಯಾಂಗ ಅದಾಳಂತ ಕೇಳು."

ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಕನ್ನಡಿಯಲ್ಲಿ ನೋಡುವ ಧೈರ್ಯವೂ ಆಗಲಿಲ್ಲ, ಹಗ್ಗದ ಮೇಲೆ ಕಣ್ಣಿಟ್ಟು ಕುಳಿತೆ. ದ್ರಾಕ್ಷಿ ತೋಟ ದಾಟಿತು. ಕಾಲುವೆಯ ಸೇತುವೆ ದಾಟಿತು. ಉತ್ತರ ಬರುವುದಿಲ್ಲ ಎಂದುಕೊಂಡೆ.

"ಆರಾಮ ಅದಾಳಂತ ಹೇಳ್ರಿ," ಎಂದರು ವೈನಿ. "ದೊಡ್ಡ ದವಾಖಾನಿಯಾಗ ಹೆಡ್ ಸಿಸ್ಟರ್ ಆಗ್ಯಾಳಂತ ಹೇಳ್ರಿ. ಈಗೂ ರಾತ್ರಿ ಪಾಳಿ ಮಾಡ್ತಾಳಂತನೂ ಹೇಳ್ರಿ," ಎಂದರು.

ಕಾಕಾ ನೀರಿನ ಬಾಟಲಿಯ ಮುಚ್ಚಳ ತಿರುವಿದ್ದು ಕೇಳಿಸಿತು.

"ಕೇಳಿಸ್ತು ಅಂತ ಹೇಳು," ಎಂದರು.

ಟಾಕಿ ಖಾಲಿ ಮಾಡಿಸಿ, ತೊಳೆಸಿ, ಪೈಪು ಫಿಲ್ಟರುಗಳನ್ನು ಬದಲಾಯಿಸಿ ಗಾಡಿಯನ್ನು ಮೆಕ್ಯಾನಿಕ್ ಮತ್ತೆ ಎಬ್ಬಿಸಿದ. ಎದ್ದಿತು, ಆದರೆ ಮೊದಲಿನ ಜೀವ ಇರಲಿಲ್ಲ. ಇಬ್ಬರೂ ಮತ್ತೆ ಬರತೊಡಗಿದರು. ಆ ಶನಿವಾರದ ನಂತರ ಎಲ್ಲ ಸರಿಹೋಯಿತು ಎಂದು ನೀವು ಅಂದುಕೊಂಡಿದ್ದರೆ ಹಾಗೇನಿಲ್ಲ. ಆದ ಬದಲಾವಣೆ ಒಂದೇ. ವಾಸನೆ ಆಗದವರು ಮುಂದೆ ಕೂಡಲಿ ಎಂದು ಕಾಕಾ ಮುಂದಿನ ಸೀಟು ಬಿಟ್ಟು ಹಿಂದೆ ಕುಳಿತರು. ಹಿರಿಯರ ಜಾಗ ತನಗೆ ಬೇಡ ಎಂದು ವೈನಿಯೂ ಹಿಂದೆಯೇ ಕುಳಿತರು. ಒಬ್ಬರು ಈ ಕಿಟಕಿಗೆ, ಒಬ್ಬರು ಆ ಕಿಟಕಿಗೆ. ನನ್ನ ಪಕ್ಕದ ಸೀಟು ಖಾಲಿ. ದಾರಿಯಲ್ಲಿ ಜನ ಬಾಡಿಗೆ ಗಾಡಿ ಎಂದುಕೊಂಡು ಕೈ ಮಾಡಿ ನಿಲ್ಲಿಸತೊಡಗಿದರು. ಮಾತು ಮಾತ್ರ ಮೊದಲಿನಂತೆ ನನ್ನ ಹೆಗಲ ಮೇಲಿನಿಂದಲೇ ಹಾಯುತ್ತಿತ್ತು.

ಆ ವರ್ಷವೇ ಗಾಡಿ ಕೊಟ್ಟುಬಿಟ್ಟೆ. ಸಲಗರೆಯ ಒಬ್ಬ ವ್ಯಾಪಾರಿ ತಗೊಂಡು ಹೋದ. ಅವನು ಗಡಿಯಾಚೆ ದೂರದೂರ ತಿರುಗುವವನು, ಅಂಥವನಿಗೆ ಅದು ಸರಿ. ಅವನು ಒಯ್ಯುವಾಗ ಕಾಕಾ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. "ಛಲೋ ಆತು ಬಿಡು. ದಣದಿದ್ದಿ," ಎಂದರು. ಗಾಡಿಗೆ ಅಂದರೋ ನನಗೆ ಅಂದರೋ ತಿಳಿಯಲಿಲ್ಲ.

ಹೊಸ ಕಾರು ಬರುವವರೆಗೆ ನಾನು ಬೇರೆ ಹೊತ್ತಿನ ಬಸ್ಸಿಗೆ ಹೋಗುತ್ತಿದ್ದೆ. ಕಾರು ಬಂದ ಮೇಲೆ ಬೆಳಿಗ್ಗೆ ನಾನು ಹೊರಡುವುದು ಗಲ್ಲಿಗೆ ಗೊತ್ತೇ ಆಗುತ್ತಿರಲಿಲ್ಲ. ಯಾರೂ ಬರಲಿಲ್ಲ. ನಾನೂ ಹೋಗಿ ಕರೆಯಲಿಲ್ಲ. ಮೊದಲ ವಾರ ಮಿರಜದವರೆಗಿನ ದಾರಿ ಎಷ್ಟು ಹಗುರವಾಗಿತ್ತೆಂದರೆ, ಇಷ್ಟು ವರ್ಷ ಕೇಳದಿದ್ದ ಹಕ್ಕಿಗಳ ಸದ್ದು ಕೂಡ ಕೇಳಿಸಿತು. ಎರಡನೆಯ ವಾರ ರೇಡಿಯೋ ಹಚ್ಚಿಕೊಂಡೆ. ಆಮೇಲೆ ಒಂದು ಅಳುಕು ಶುರುವಾಯಿತು. ಆ ವಯಸ್ಸಿನಲ್ಲಿ ಕಾಕಾ ಬಸ್ಸು ಹತ್ತುತ್ತಾರೋ ಇಲ್ಲವೋ, ವೈನಿಗೆ ಮತ್ತೆ ಡ್ಯೂಟಿಗೆ ತಡವಾಗುತ್ತಿದೆಯೋ ಏನೋ, ಇಬ್ಬರೂ ನನ್ನ ಮೇಲೆ ಬೇಸರ ಮಾಡಿಕೊಂಡಿರಬೇಕು. ಒಂದು ದಿನ ಸುನಂದಾಗೆ ಹೇಳಿದೆ. "ಹಂಗ ಅನಸಿದ್ರ ಕರಕೊಂಡು ಹೋಗ್ರಿ. ಇಲ್ಲಾಂದ್ರ ಸುಮ್ನ ಹೋಗ್ರಿ. ಎರಡೂ ಬಿಟ್ಟು ಕೊರಗತೀರ್ಯಾಕ?" ಎಂದಳು.

ಅವಳ ಮಾತಿಗೆ ನಾಚಿ ಮರುದಿನ ಬಸ್ಸಿನ ಹೊತ್ತಿಗೇ ಮನೆ ಬಿಟ್ಟೆ. ಊರ ತುದಿಯ ಬಸ್ ನಿಲ್ದಾಣದಲ್ಲಿ ಇಬ್ಬರೂ ಇದ್ದರು. ನೆರಳು ಬೀಳುವ ಒಂದೇ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಶಾರದಾ ವೈನಿ ಕೈ ಆಡಿಸುತ್ತ ಏನೋ ಹೇಳುತ್ತಿದ್ದರು, ಚನ್ನಪ್ಪ ಕಾಕಾ ಕೋಲಿನ ಮೇಲೆ ಗದ್ದ ಊರಿ ಕೇಳುತ್ತಿದ್ದರು, ನಡುನಡುವೆ ನಗುತ್ತಿದ್ದರು. ನಾನು ಅವರ ಎದುರಿಗೇ ಕಾರು ನಿಲ್ಲಿಸಿದೆ. ಇಬ್ಬರೂ ನೋಡಲಿಲ್ಲ. ಗಾಜು ಇಳಿಸಿ ಕರೆದೆ.

"ಕಾಕಾ, ಬರ್ರಿ. ವೈನಿ, ನೀವೂ ಬರ್ರಿ. ಬಿಡ್ತೇನಿ."

ವೈನಿ ಕಾಕಾನ ಮುಖ ನೋಡಿದರು. ಕಾಕಾ ನನ್ನನ್ನು ಗುರುತಿಸಿ ಪ್ರೀತಿಯಿಂದ ಕೈ ಎತ್ತಿದರು. ಸಿಟ್ಟಿನ ಸುಳಿವೂ ಅವರ ಮುಖದಲ್ಲಿರಲಿಲ್ಲ.

"ನೀ ಹೋಗಪಾ ಅಜಿತಾ. ನಮ್ಮ ಬಸ್ ಬರೂ ಹೊತ್ತಾತು," ಎಂದರು. ಎಂದು, ವೈನಿಯ ಕಡೆ ತಿರುಗಿದರು. "ಹಾಂ ಶಾರದಾ, ಮುಂದ ಏನಾತು ಹೇಳು."

ವೈನಿ ಹೇಳತೊಡಗಿದರು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದೆ. ಹಿಂದಿನಿಂದ ಬಂದ ಬಸ್ಸಿನವನು ಹಾರ್ನ್ ಹೊಡೆದ ಮೇಲೆ ಗಾಜು ಏರಿಸಿಕೊಂಡು ಹೊರಟೆ.